ಅಚ್ಚಿಗೆ ಹೊಯ್ದ ದೇಹ

ಹೆಣದ ಪೆಟ್ಟಿಗೆಗೆ ಒಳಬಟ್ಟೆ ಹೊಲಿಯುವುದು ಟೈಲರಮ್ಮನಿಗೆ ನೀರು ಕುಡಿದಷ್ಟು ಸಲೀಸು. ಬಿಳಿ ಸ್ಯಾಟಿನ್ನಿನ ಅಂಚಿಗೆ ನೆರಿಗೆ ಹಿಡಿದು, ಮೊಳೆ ಹೊಡೆಯಲು ಪಟ್ಟಿ ಬಿಟ್ಟು, ತಲೆಯ ಕಡೆಗೆ ಹತ್ತಿ ತುಂಬಿದ ಚಿಕ್ಕ ದಿಂಬೊಂದನ್ನು ಹೊಲಿದುಕೊಟ್ಟರೆ ಅವಳ ಕೆಲಸ ಮುಗಿಯಿತು. ಊರಿನ ಸತ್ತವರಲ್ಲಿ ಅರ್ಧಕ್ಕರ್ಧ ಜನ ಅವಳ ದಿಂಬಿನ ಮೇಲೆ ತಲೆಯಿಟ್ಟು ಪುನರುತ್ಥಾನದ ದಿನಕ್ಕೆ ಕಾಯುತ್ತಿದ್ದರು. ಇವತ್ತು ಮಾತ್ರ ಅವಳ ಕೈ ಓಡಲಿಲ್ಲ. ಪೆಟ್ಟಿಗೆ ಅವಳ ಗಂಡನದು. ಅದರಲ್ಲಿ ಮಲಗಬೇಕಾಗಿದ್ದದ್ದು ಒಂದು ಕಬ್ಬಿಣದ ದಿಮ್ಮಿ.

ಫೌಂಡ್ರಿಯವರಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆಯೊಂದಿದೆ. ಕರಗಿದ ಕಬ್ಬಿಣದ ಕೊಪ್ಪರಿಗೆಗೆ ಮನುಷ್ಯ ಬಿದ್ದರೆ ಹೊರಗೆ ಎತ್ತಲು ಏನೂ ಉಳಿಯುವುದಿಲ್ಲ. ಎಲುಬೂ ಇಲ್ಲ, ಬೆರಳಿನ ಉಂಗುರವೂ ಇಲ್ಲ. ಆಗ ಆ ಕಬ್ಬಿಣವನ್ನು ಯಾವ ಅಚ್ಚಿಗೂ ಹೊಯ್ಯಕೂಡದು. ಮರಳುಗುಂಡಿಗೆ ಸುರಿದು, ಆರಿ ಗಟ್ಟಿಯಾದದ್ದನ್ನೇ ಹೆಣವೆಂದು ಮನೆಯವರಿಗೆ ಒಪ್ಪಿಸಬೇಕು. ಪ್ರಾರ್ಥನೆ ಮಾಡಿಸಿ ಹೂಳಬೇಕು. ಮ್ಯಾನೇಜರ್ ಕಟ್ಟಳೆ ಮೀರಲಿಲ್ಲ ಎಂದು ಕೇರಿಯೆಲ್ಲ ಹೊಗಳಿತ್ತು. ದಿಮ್ಮಿಗೆ ಕಪ್ಪು ಬಣ್ಣ ಬಳಿಸಿ, ಹೂವಿನ ಚಕ್ರದೊಂದಿಗೆ ಕಳಿಸಿಕೊಟ್ಟಿದ್ದ. ಅಷ್ಟೇ ಅಲ್ಲ, ಎಲ್ಲರೂ ಮಣ್ಣಿಗೆ ಬರಲೆಂದು ಫೌಂಡ್ರಿಗೆ ಅರ್ಧ ದಿನ ರಜೆ ಕೊಟ್ಟಿದ್ದ. ಗೇಟಿನ ಕಾವಲಿನವನನ್ನೂ ಕುಲುಮೆ ಆರದಂತೆ ನೋಡಿಕೊಳ್ಳಲು ಒಬ್ಬ ಮುದುಕನನ್ನೂ ಬಿಟ್ಟು ಉಳಿದವರೆಲ್ಲ ಒಗೆದ ಅಂಗಿ ತೊಟ್ಟು ಚರ್ಚಿನ ಅಂಗಳದಲ್ಲಿ ಸೇರಿದ್ದರು.

ಪೆಟ್ಟಿಗೆ ಮೇಸ್ತ್ರಿಯ ಅಂಗಡಿ ಚರ್ಚಿನ ಹಿಂದಿನ ಬೀದಿಯಲ್ಲೇ ಇತ್ತು. ದಿಮ್ಮಿಯನ್ನು ಅಲ್ಲಿಗೇ ತಂದಿಳಿಸಿದ್ದರು. ಟೈಲರಮ್ಮನ ಅತ್ತೆ ಅದರ ಪಕ್ಕದಲ್ಲಿ ಕೂತು, ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದಲೇ ನೋಡುತ್ತಿದ್ದಳು. ಮೂಲೆ ಮೂಲೆಯನ್ನೂ ಸವರುತ್ತಾ, "ಎದ್ದು ಬರೋವಾಗ ಇವನಿಗೆ ಆ ಕುಂಟು ಇರುತ್ತಾ, ಸೊಸೆ?" ಎಂದು ಕೇಳಿದಳು.

"ಇರಲ್ಲ ಅತ್ತೆ. ಅಲ್ಲಿ ಎಲ್ಲಾ ಸರಿಯಾಗಿರುತ್ತೆ."

"ಹಾಗಾದ್ರೆ ನಾನು ಹೆಂಗೆ ಗುರುತು ಹಿಡೀಲಿ?"

ಸೊಸೆ ದಿಂಬಿನ ಅಂಚಿಗೆ ಇನ್ನೊಂದು ಹೊಲಿಗೆ ಹಾಕಿದಳು. ಮೇಸ್ತ್ರಿ ಪೆಟ್ಟಿಗೆಯ ತಳಕ್ಕೆ ಕಬ್ಬಿಣದ ಪಟ್ಟಿ ಬಿಗಿದು, ಗುದ್ದಿ ನೋಡಿ, ಬೆವರು ಒರೆಸಿಕೊಂಡ. "ಬದುಕಿದ್ದಾಗ್ಲೂ ಅಷ್ಟೇ ತಂಗಿ, ಕೂತ ಜಾಗದಿಂದ ಇವನನ್ನ ಅಲ್ಲಾಡಿಸೋಕೆ ಆಗ್ತಿರ್ಲಿಲ್ಲ. ಈಗ ಎಂಟು ಜನ ಬೇಕು ನೋಡು," ಎಂದ. ನಗಿಸಲು ಹೇಳಿದ ಮಾತು. ಆಮೇಲೆ ದಿಮ್ಮಿಯ ಸುತ್ತ ಒಂದು ಸಲ ತಿರುಗಿ, ತಲೆ ಕೆರೆದುಕೊಂಡು ನಿಂತ.

"ಅಲ್ಲಾ ತಂಗಿ, ತಲೆ ಯಾವ ಕಡೆ?"

ಸೂಜಿ ಅವಳ ಕೈಯಲ್ಲೇ ನಿಂತಿತು. ಸತ್ತವರ ಕಾಲು ಪೂರ್ವಕ್ಕಿರಬೇಕು. ಕರ್ತನು ಪೂರ್ವದಿಂದ ಬರುವಾಗ ಎದ್ದು ಕೂತರೆ ಅವನ ಮುಖಕ್ಕೆ ಮುಖವಾಗಬೇಕು, ಬೆನ್ನಾಗಬಾರದು. ಎಷ್ಟೋ ಹೆಣಗಳಿಗೆ ಅವಳು ದಿಂಬು ಹೊಲಿದಿದ್ದಳು. ಯಾವ ಹೆಣವೂ ತಲೆಯೆಲ್ಲಿ ಎಂದು ಕೇಳಿಸಿಕೊಂಡಿರಲಿಲ್ಲ.

"ನೀನೇ ಹೇಳಪ್ಪಾ, ನೀನು ಅಲ್ಲೇ ಇದ್ದೋನು," ಎಂದು ಅವಳು ಮೈದುನನ ಕಡೆ ತಿರುಗಿದಳು. ಅವನೂ ಫೌಂಡ್ರಿಯವನೇ, ಅಣ್ಣನ ಪಾಳಿಯಲ್ಲೇ ಅಚ್ಚಿಗೆ ಹೊಯ್ಯುವವನು. ಬೆಳಗಿನಿಂದ ಬಾಗಿಲಿಗೆ ಒರಗಿ ನಿಂತವನು ಒಳಗೆ ಕಾಲಿಟ್ಟಿರಲಿಲ್ಲ. "ಬಿದ್ದಾಗ ತಲೆ ಯಾವ ಕಡೆ ಇತ್ತು? ಮರಳಿಗೆ ಸುರಿದಾಗ ಯಾವ ತುದಿ ಮೊದಲು ಬಂತು?"

"ಯಾವ ಕಡೆಗಾದ್ರೂ ಇಡಿ ಅತ್ತಿಗೆ."

"ಹಂಗಂದ್ರೇನೋ? ನಿಮ್ಮಣ್ಣ ಆ ದಿನ ದೇವರಿಗೆ ಬೆನ್ನು ತೋರಿಸ್ಕೊಂಡು ಏಳಬೇಕಾ?"

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ಅದರಲ್ಲಿ ಅಣ್ಣ ಇಲ್ಲ."

ಮೇಸ್ತ್ರಿಯ ಸುತ್ತಿಗೆ ನೆಲಕ್ಕೆ ಬಿತ್ತು. ಅತ್ತೆ ಮಾತ್ರ ಕೈ ತೆಗೆಯಲಿಲ್ಲ, ಸವರುತ್ತಲೇ ಇದ್ದಳು.

ಆಮೇಲೆ ಅವನು ಹೇಳಿದ್ದು ತುಂಡು ತುಂಡಾಗಿ ಬಂತು. ಅಣ್ಣ ಬಿದ್ದಾಗ ಅಚ್ಚುಗಳು ಸಾಲಾಗಿ ಸಿದ್ಧವಾಗಿದ್ದವು. ಊರಿನ ಚರಂಡಿಗಳಿಗೆ ಮುಚ್ಚಳ, ನಗರಸಭೆಯ ಆರ್ಡರು, ತಡವಾಗಿತ್ತು. ಮ್ಯಾನೇಜರ್ ಓಡಿ ಬಂದು ಉಳಿದವರನ್ನೆಲ್ಲ ಹೊರಗೆ ಕಳಿಸಿದ. ಕೊಪ್ಪರಿಗೆ ನೋಡಿದ, ಗಡಿಯಾರ ನೋಡಿದ. "ಹೋದೋನು ಹೋದ, ಕಬ್ಬಿಣ ಆರ್ತಾ ಇದೆ, ಹೊಯ್ಯಿ ಅಂದ. ಕಟ್ಟಳೆ ಅಂತ ಒಂದಿದೆ ಸಾರ್ ಅಂದೆ. ಅದನ್ನ ನಾನು ನೋಡ್ಕೋತೀನಿ, ನಿನಗೆ ನಾಳೆ ಕೆಲಸ ಬೇಕೋ ಬೇಡ್ವೋ ಅಂದ. ಕೊಪ್ಪರಿಗೇನ ನಾನೇ ಬಗ್ಗಿಸ್ದೆ ಅತ್ತಿಗೆ. ಈ ಕೈಯಲ್ಲೇ."

"ಹಾಗಾದ್ರೆ ಇದೇನು?"

"ಹಿಂದಿನ ಗೋಡೆ ಹತ್ರ ಬಿದ್ದಿತ್ತಲ್ಲ, ಮುರಿದ ಕ್ರೇನು. ಅದಕ್ಕೆ ತೂಕಕ್ಕೆ ಅಂತ ಕಟ್ಟಿದ್ದ ದಿಮ್ಮಿ. ತುಕ್ಕು ಉಜ್ಜಿ ಬಣ್ಣ ಹೊಡೆಸಿದ್ರು."

ಟೈಲರಮ್ಮ ದಾರ ಕಚ್ಚಿ ಹರಿದಳು. ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. "ಮುಚ್ಚಳಗಳು ಎಲ್ಲಿವೆ?"

"ಅಂಗಳದಲ್ಲಿವೆ. ಗೋಡೆ ಪಕ್ಕದ ಸಾಲು. ಅವು ನಾನು ಹೊಯ್ದದ್ದೇ, ನನಗೆ ಗುರುತಿದೆ."

ಅಷ್ಟರಲ್ಲಿ ಹೊರುವವರು ಬಂದರು, ಚರ್ಚಿನ ಗಂಟೆ ಬಡಿಯತೊಡಗಿತು. ಅವಳು ಬೇಡವೆನ್ನಲಿಲ್ಲ. ದಿಮ್ಮಿಯನ್ನು ಪೆಟ್ಟಿಗೆಗೆ ಇಳಿಸಲು ಬಿಟ್ಟಳು. ದಿಂಬನ್ನು ಮಾತ್ರ ಕಿತ್ತು ಸೆರಗಿನೊಳಗೆ ಇಟ್ಟುಕೊಂಡಳು. ಕೇಳಬೇಕಾದ್ದನ್ನು ಎಲ್ಲರ ಮುಂದೆಯೇ ಕೇಳಬೇಕಿತ್ತು.

ಪೆಟ್ಟಿಗೆಯನ್ನು ಸಮಾಧಿಯ ಗುಂಡಿಯ ಅಂಚಿನಲ್ಲಿ ಇಳಿಸಿದ್ದರು, ಸುತ್ತ ಇಡೀ ಫೌಂಡ್ರಿ ನಿಂತಿತ್ತು. ಮ್ಯಾನೇಜರ್ ಮುಂದಿನ ಸಾಲಿನಲ್ಲಿ, ತಲೆ ಬಾಗಿಸಿ, ಪ್ರಾರ್ಥನೆಯ ಪ್ರತಿ ಸಾಲಿಗೂ ಎಲ್ಲರಿಗಿಂತ ಮೊದಲು ಆಮೆನ್ ಅನ್ನುತ್ತಿದ್ದ. ಪಾಸ್ಟರು ಒಳ್ಳೆಯವರು, ನೊಂದವರ ಮನೆಗೆ ಕರೆಯದೆ ಹೋಗುವವರು. ಶರೀರವು ಕೊಳೆಯುವ ಬೀಜದಂತೆ ಮಣ್ಣಿಗೆ ಬಿದ್ದು ಮಹಿಮೆಯಲ್ಲಿ ಏಳುತ್ತದೆಂದು ಅವರು ಹೇಳುವಾಗ ದನಿ ನಡುಗುತ್ತಿತ್ತು. ಹೇಳಿ ಮುಗಿಸಿ ಹಿಡಿ ಮಣ್ಣೆತ್ತಿಕೊಂಡರು.

"ಹಾಕಬೇಡಿ ಅಯ್ಯಾ," ಎಂದಳು ಟೈಲರಮ್ಮ. "ಇದರಲ್ಲಿ ನನ್ನ ಗಂಡ ಇಲ್ಲ."

ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಅವಳು ಮೈದುನನ ತೋಳು ಹಿಡಿದು ಮುಂದಕ್ಕೆ ಎಳೆದಳು. ಅವನು ಅಂಗಡಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ, ಈ ಸಲ ತಡವರಿಸದೆ. ಅವನು ಹೇಳಿ ಮುಗಿಸುವಷ್ಟರಲ್ಲಿ ಪೆಟ್ಟಿಗೆ ಹೊತ್ತು ತಂದವರು ಅದರಿಂದ ದೂರ ಸರಿದು ಕೈ ಒರೆಸಿಕೊಳ್ಳುತ್ತಿದ್ದರು, ಹೇಸಿಗೆ ಮುಟ್ಟಿದವರ ಹಾಗೆ.

ಪಾಸ್ಟರು ಮಣ್ಣನ್ನು ಕೈಯಲ್ಲಿ ಹಿಡಿದೇ ಹತ್ತಿರ ಬಂದರು. "ನೋಡಮ್ಮಾ, ನಡೆದದ್ದು ತಪ್ಪೇ. ಆದ್ರೆ ನೀನು ಎದೆಗುಂದಬೇಡ. ಮೀನಿನ ಪಾಲಾದವರನ್ನೂ, ಬೂದಿಯಾಗಿ ಗಾಳೀಲಿ ಹೋದವರನ್ನೂ ದೇವರು ಎಬ್ಬಿಸ್ತಾನೆ. ಅವನಿಗೆ ಕಬ್ಬಿಣ ಒಂದು ದೊಡ್ಡದಾ?"

"ದೇವರಿಗೆ ದೊಡ್ಡದಲ್ಲ ಅಯ್ಯಾ. ಎಲ್ಲಿದ್ರೂ ಎಬ್ಬಿಸ್ತಾನೆ. ಆದ್ರೆ ಅಲ್ಲೀವರೆಗೆ ಅವನ ಮೇಲೆ ಲಾರಿ ಓಡಾಡ್ಬೇಕಾ? ಕೆಳಗೆ ಊರಿನ ಕೊಚ್ಚೆ ಹರೀಬೇಕಾ? ನೀವು ಇದರ ಮೇಲೆ ಮಣ್ಣು ಹಾಕಿ ಆಶೀರ್ವಾದ ಮಾಡಿದ್ರೆ, ಆ ದಿನ ಈ ಗುಂಡಿಯಿಂದ ಎದ್ದು ಬರೋದು ಯಾರು? ಕ್ರೇನಾ?"

ಎಲ್ಲೋ ಹಿಂದೆ ಒಬ್ಬ ನಕ್ಕ. ನಗು ಅರ್ಧಕ್ಕೇ ಬಿಕ್ಕಾಯಿತು. ಪಾಸ್ಟರ ಬೆರಳ ಸಂದಿಯಿಂದ ಮಣ್ಣು ಅವರ ಚಪ್ಪಲಿಯ ಮೇಲೆ ಸುರಿಯಿತು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಅಮ್ಮಾ, ನಾನೂ ದೇವರಿಗೆ ಹೆದರೋ ಮನುಷ್ಯ. ಇದು ಜಗಳ ಆಡೋ ಜಾಗ ಅಲ್ಲ. ನಾನು ತಪ್ಪು ಮಾಡಿದ್ರೆ ತೀರ್ಪಿನ ದಿನ ಅವನ ಮುಂದೆ ಉತ್ತರ ಕೊಡ್ತೀನಿ."

"ಅಲ್ಲಿ ಕೊಡೋದನ್ನ ಅಲ್ಲಿ ಕೊಡಿ ಸಾರ್. ಮುಚ್ಚಳ ಇಲ್ಲಿ ಕೊಡಿ."

ಬಡವರ ಪಾಲಿಗೆ ತೀರ್ಪನ್ನು ಯಾವಾಗಲೂ ಕೊನೆಯ ದಿನಕ್ಕೇ ಮುಂದೂಡುತ್ತಾರೆ. ಹೊಯ್ಯುವ ಕೆಲಸಕ್ಕೆ ಮಾತ್ರ ಒಂದು ಗಳಿಗೆಯೂ ತಡೆಯುವುದಿಲ್ಲ. ಅಲ್ಲಿ ನಿಂತಿದ್ದ ಒಬ್ಬೊಬ್ಬನಿಗೂ ಇದು ಗೊತ್ತಿದ್ದದ್ದೇ. ಆದರೂ ಯಾರೂ ಅಲುಗಲಿಲ್ಲ. ಕೊನೆಗೆ ಪೆಟ್ಟಿಗೆ ಮೇಸ್ತ್ರಿ ತನ್ನ ತಳ್ಳುಗಾಡಿ ತಂದು ಗುಂಡಿಯ ಪಕ್ಕ ನಿಲ್ಲಿಸಿದ. "ಎತ್ತಿ ಮತ್ತೆ. ತಂದವರ ಮನೆಗೆ ವಾಪಸು ಮುಟ್ಟಿಸೋಣ."

ಮೆರವಣಿಗೆ ಫೌಂಡ್ರಿಯ ಕಡೆ ಹೊರಟಿತು. ಗಾಡಿಯ ಚಕ್ರ ಭಾರಕ್ಕೆ ಕಿರುಗುಡುತ್ತಿತ್ತು. ದಾರಿಯಲ್ಲಿ ಚರಂಡಿಯ ಮುಚ್ಚಳಗಳು ಬಂದಲ್ಲೆಲ್ಲ ಜನ ತುಳಿಯದೆ ಸುತ್ತಿ ನಡೆದರು. ಅವು ಹಳೆಯವು, ಆದರೂ ಕಾಲು ಒಪ್ಪಲಿಲ್ಲ. ಮ್ಯಾನೇಜರ್ ಕಾರಿನಲ್ಲಿ ಹಿಂದೆ ಬರುತ್ತಿದ್ದ. ಅವಸರ ಪಡಲಿಲ್ಲ. ಅವನು ಯಾಕೆ ಅವಸರ ಪಡಲಿಲ್ಲ ಎನ್ನುವುದು ಗೇಟು ದಾಟಿದ ಮೇಲೆ ತಿಳಿಯಿತು.

ಅಂಗಳ ಖಾಲಿಯಿತ್ತು. ಗೋಡೆಯ ಪಕ್ಕದ ಮಣ್ಣಿನಲ್ಲಿ ಮುಚ್ಚಳಗಳ ದುಂಡನೆಯ ಗುರುತುಗಳು ಮಾತ್ರ ಉಳಿದಿದ್ದವು, ಒಂದರ ಪಕ್ಕ ಒಂದು.

"ಗಂಟೆ ಹೊಡೀತಿದ್ದ ಹಾಗೇ ಲಾರಿ ಬಂದ್ವು. ಹೊರಗಿನ ಕೂಲಿಯವರು ತುಂಬಿದ್ರು," ಎಂದ ಗೇಟಿನ ಕಾವಲಿನವನು, ಯಾರ ಮುಖವನ್ನೂ ನೋಡದೆ.

ಹಾಗಾದರೆ ಅರ್ಧ ದಿನದ ರಜೆ ಅದಕ್ಕೆ. ಮೈದುನ ಆ ದುಂಡು ಗುರುತೊಂದರ ಮುಂದೆ ಕುಸಿದು, ಅದರೊಳಗೆ ಅಂಗೈ ಊರಿದ. ಅತ್ತೆ, "ಸಿಕ್ಕಿದ್ನೇನೇ? ಎಲ್ಲೇ ಅವನು?" ಎಂದು ಸೊಸೆಯ ಸೆರಗು ಜಗ್ಗಿದಳು. ಟೈಲರಮ್ಮ ಸೆರಗಿನೊಳಗಿನ ದಿಂಬನ್ನು ಮುಟ್ಟಿ ನೋಡಿಕೊಂಡಳು. ಊರಿನ ಯಾವ ಯಾವ ಬೀದಿಗೆ ಅವನು ಹಂಚಿಹೋದ? ಯಾವ ಮೂಲೆಯಲ್ಲಿ ಕೈ, ಯಾವ ತಿರುವಿನಲ್ಲಿ ಎದೆ? ದೇವರು ಹುಡುಕಿ ಜೋಡಿಸುತ್ತಾನೆ ಎಂದು ಅವಳು ಅತ್ತೆಗೆ ಹೇಳಬಹುದಿತ್ತು. ನಂಬಿಕೆಯಿಂದಲೇ ಹೇಳಬಹುದಿತ್ತು. ಆದರೆ ಆ ಮಾತು ಈಗ ಮ್ಯಾನೇಜರನ ಬಾಯಿಂದ ಬಂದ ಹಾಗೆ ಕೇಳುತ್ತದೆ ಎನ್ನಿಸಿತು.

"ಮಣ್ಣು ಮುಗಿಸಿಬಿಡೋಣಮ್ಮಾ," ಎಂದ ಮ್ಯಾನೇಜರ್ ಕಾರಿನಿಂದಿಳಿದು. "ಆದದ್ದು ಆಯ್ತು. ಗುಂಡಿ ತೆರೆದೇ ಇದೆ."

"ಇರಲಿ. ತೆರೆದೇ ಇರಲಿ."

ಅವಳು ತಳ್ಳುಗಾಡಿಯ ಹಿಡಿ ಹಿಡಿದು ಶೆಡ್ಡಿನ ಕಡೆ ನೂಕಿದಳು. ಒಬ್ಬಳಿಂದ ಅದು ಕದಲಲಿಲ್ಲ. ಹತ್ತು ಕೈ ಸೇರಿದವು. ಕುಲುಮೆಯ ಬಾಯಿಗೆ ಅಡ್ಡಲಾಗಿ ಪೆಟ್ಟಿಗೆಯನ್ನು ಇಳಿಸಿ ಅದರ ಮುಂದೆ ಅವಳು ನೆಲದ ಮೇಲೆ ಕೂತಳು. ಒಳಗೆ ಕರಗಿದ ಕಬ್ಬಿಣ ಕುದಿಯುತ್ತಿತ್ತು. ಕುಲುಮೆಯ ಉರಿಗೆ ಊದುವ ಗಾಳಿಯಂತ್ರದ ಮೊರೆತಕ್ಕೆ ಮಾತು ಕೇಳುತ್ತಿರಲಿಲ್ಲ. ಕುಲುಮೆ ಕಾಯುತ್ತಿದ್ದ ಮುದುಕ ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಆಮೇಲೆ ಮ್ಯಾನೇಜರನನ್ನು.

"ಏನು ನೋಡ್ತಿದ್ದೀರಿ ತಾತ?" ಎಂದು ಅವಳು ಕೂಗಿದಳು. "ನೀವು ಜಾರಿದ್ರೆ ನಿಮ್ಮನ್ನೂ ಹೊಯ್ತಾರೆ."

ಮುದುಕ ಎದ್ದು ಹೋಗಿ ಗಾಳಿಯಂತ್ರ ನಿಲ್ಲಿಸಿದ.

ಮೊರೆತ ಇಳಿಯುತ್ತಾ ಇಳಿಯುತ್ತಾ ಸತ್ತಿತು. ಈ ಶೆಡ್ಡಿನಲ್ಲಿ ಹಕ್ಕಿಗಳು ಗೂಡು ಕಟ್ಟಿವೆ ಎನ್ನುವುದು ಹಲವರಿಗೆ ಆಗಲೇ ತಿಳಿದದ್ದು.

"ಏಯ್, ಹುಚ್ಚು ಹಿಡೀತಾ? ಒಳಗಿನ ಕಬ್ಬಿಣ ಗಟ್ಟಿಯಾದ್ರೆ ಕುಲುಮೆನೇ ಒಡೆದು ತೆಗೀಬೇಕು!" ಮ್ಯಾನೇಜರನ ದನಿ ಒಡೆಯಿತು. "ಚಾಲೂ ಮಾಡೋ! ಏಳ್ರೋ ಎಲ್ಲಾ!"

"ಆ ಲಾರಿಗಳು ವಾಪಸು ಬರಲಿ ಸಾರ್," ಎಂದ ಮೈದುನ. ಬಂದು ಅತ್ತಿಗೆಯ ಪಕ್ಕ ಕೂತ. ಅವನ ಹಿಂದೆ ಮೇಸ್ತ್ರಿ, ಪೆಟ್ಟಿಗೆ ಹೊತ್ತವರು, ಒಗೆದ ಅಂಗಿಗಳ ಇಡೀ ಪಾಳಿ. ಬಹಳ ಹೊತ್ತಿನ ಮೇಲೆ ಪಾಸ್ಟರೂ ಬಂದರು. ಏನನ್ನೂ ಓದಲಿಲ್ಲ. ಅತ್ತೆಯ ಕೈ ಹಿಡಿದು ಅವಳನ್ನು ಕೂರಿಸಿ, ತಾವೂ ಬೂದಿಯ ನೆಲದಲ್ಲಿ ಕೂತರು.

ಮ್ಯಾನೇಜರ್ ಫೋನು ಹಿಡಿದು ಅಂಗಳಕ್ಕೆ ಓಡಿದ. ಯಾರಿಗೋ ಲಾರಿಗಳು ಹೋದ ಬೀದಿಗಳ ಹೆಸರು ಕೂಗಿ ಹೇಳುತ್ತಿದ್ದ. ಆ ಕಡೆಯವರಿಗೆ ಕೇಳುತ್ತಿತ್ತೋ ಇಲ್ಲವೋ, ಮತ್ತೆ ಮತ್ತೆ ಅದನ್ನೇ ಕೂಗುತ್ತಿದ್ದ. ಕುಲುಮೆಯ ಬಾಯಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತು. ಒಳಗೆ ಏನೋ ಟಪ್ಪೆಂದು ಬಿರಿಯಿತು.

ಯಾರೂ ಏಳಲಿಲ್ಲ.