ಎಮ್ಮೆಗಳ ಜೊತೆ ವಾಪಸು ಬಂದವರು

೧೯೮೮ರಲ್ಲಿ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಬಾಡಿಗೆ ಕಂಪ್ಯೂಟರ್ ಅಂಗಡಿಯಲ್ಲಿದ್ದ ಕಂಪ್ಯೂಟರು ಒಂದೇ, ಅದರ ಹೊಟ್ಟೆಯೊಳಗಿನ ಡಿಸ್ಕೂ ಒಂದೇ. ಅದರಲ್ಲಿ ಬಿಡಾರ ಹೂಡಿದವರು ಮಾತ್ರ ಇಬ್ಬರು: ಖಾನಾಪುರದ ಎಮ್ಮೆ ಸಾಕುವವರ ಸಂಘ ಮತ್ತು ಚಂದ್ರವ್ವನವರ ವಧು-ವರ ಮಂಡಳ. ತನ್ನ ಕನ್ಯೆಯರು ಎಮ್ಮೆಗಳ ಮಗ್ಗುಲಲ್ಲೇ ಇದ್ದಾರೆಂದು ಚಂದ್ರವ್ವನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆಪರೇಟರ್ ಕಲ್ಲಯ್ಯನ ಕಿವಿ ಉಳಿಯುತ್ತಿರಲಿಲ್ಲ.

ಕಲ್ಲಯ್ಯ ಶಿಸ್ತಿನವನು. ತಿಂಗಳ ಕೊನೆಯ ಶನಿವಾರ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇಪ್ಪತ್ತೆರಡು ಫ್ಲಾಪಿಗಳಿಗೆ ನಕಲು ಮಾಡಿ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದ. ಎಮ್ಮೆಗಳದ್ದು ಬೇರೆ, ಕನ್ಯೆಯರದ್ದು ಬೇರೆ ಎಂದು ವಿಂಗಡಿಸುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ. ಈಚೆಗಂತೂ ಅವನ ಕಾಲು ನೆಲದ ಮೇಲಿರಲಿಲ್ಲ. ಅದೇ ಮಂಡಳದ ಮೂಲಕ ಖಾನಾಪುರದ ಸಂಗವ್ವನ ಜೊತೆ ಮದುವೆ ಗೊತ್ತಾಗಿತ್ತು. ಇಬ್ಬರ ಹೆಸರಿನ ಮುಂದೆ 'ನಿಶ್ಚಯ' ಎಂದು ತನ್ನ ಕೈಯಾರೆ ಟೈಪು ಹೊಡೆದ ದಿನ ಅವನಿಗೆ ಊಟವೂ ನೆನಪಾಗಲಿಲ್ಲ.

ಅದಾಗಿ ವಾರಕ್ಕೆ ಕರೆಂಟು ನಾಲ್ಕು ಸಲ ಹೋಗಿ ಬಂದು, ಎಮ್ಮೆಗಳ ಪಟ್ಟಿ ಕೆಟ್ಟು ಕೆರ ಹಿಡಿಯಿತು. ಸಂಘದ ಕಾರ್ಯದರ್ಶಿ ಬಂಡೆಪ್ಪ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಸೋಮವಾರ ಲಸಿಕೆ ಹಾಕಲು ಡಾಕ್ಟರು ಬರುವವರಿದ್ದರು. ಕಲ್ಲಯ್ಯ ಡಬ್ಬಿ ತೆಗೆದು ಇಪ್ಪತ್ತೆರಡೂ ಫ್ಲಾಪಿಗಳನ್ನು ಒಂದೊಂದಾಗಿ ತುರುಕಿದ. ಸಾವಿರ ಚಿಲ್ಲರೆ ಎಮ್ಮೆಗಳು ಬಾಲಸಮೇತ ವಾಪಸು ಬಂದವು. ಡಿಸ್ಕು ಒಂದೇ ಆದ್ದರಿಂದ ಅವುಗಳ ಜೊತೆ ಇಡೀ ವಧು-ವರ ಮಂಡಳವೂ ಹೋದ ತಿಂಗಳಿಗೆ ಮರಳಿತ್ತು. ಈ ತಿಂಗಳು ನಿಶ್ಚಯವಾದವರೆಲ್ಲ ಮತ್ತೆ ಕುಮಾರ, ಕುಮಾರಿಯರಾಗಿದ್ದರು.

ಇದು ಅವನ ಗಮನಕ್ಕೆ ಬರಲಿಲ್ಲ. ಮರುದಿನ, ಮದುವೆ ಗೊತ್ತಾಗದವರ ವಿವರವನ್ನು ಮನೆಮನೆಗೆ ತಿಳಿಸುವ ಚಂದ್ರವ್ವನ ವಾರದ ಪತ್ರಗಳನ್ನು ಮುದ್ರಿಸಿ ಟಪಾಲಿಗೆ ಹಾಕಿದವನೂ ಅವನೇ. ತಾನು ಮುದ್ರಿಸಿದ್ದನ್ನು ಓದುವ ಚಟ ಅವನಿಗಿರಲಿಲ್ಲ.

ಮುಂದಿನ ಸೋಮವಾರ ಸುದ್ದಿ ತಂದವನು ಬಂಡೆಪ್ಪ. ಸಂಗವ್ವನನ್ನು ನೋಡಲು ಭಾನುವಾರ ಒಂದೇ ದಿನ ಮೂರು ಮನೆತನದವರು ಬಂದು ಕೂತಿದ್ದರಂತೆ, ಮೂರನೆಯವರಿಗೆ ಉಪ್ಪಿಟ್ಟು ಸಾಲಲಿಲ್ಲವಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಲ್ಲಯ್ಯನ ವಿವರ ಅದೇ ಓಣಿಯ ಇನ್ನೆರಡು ಹುಡುಗಿಯರ ಮನೆಗೂ ಹೋಗಿತ್ತು. ತನ್ನ ಮಗಳನ್ನು ಒಪ್ಪಿ ಇನ್ನೂ ಕನ್ಯೆ ಹುಡುಕುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಸಂಗವ್ವನ ಅಪ್ಪ ಸಾರಿದ್ದ.

ಕಲ್ಲಯ್ಯ ಚಪ್ಪಲಿಯ ಪರಿವೆಯಿಲ್ಲದೆ ಖಾನಾಪುರದ ಬಸ್ಸು ಹತ್ತಿದ. ಕಟ್ಟೆಯ ಮೇಲೆ ಕೂತಿದ್ದ ಅವಳ ಅಪ್ಪನಿಗೆ ಡಿಸ್ಕು, ಫ್ಲಾಪಿ, ಬಿಸ್ಕೀಟಿನ ಡಬ್ಬಿ ಎಲ್ಲ ವಿವರಿಸಿದ. ಅಪ್ಪ ಮುಖ ತಿರುಗಿಸಿ ಗೋಡೆ ನೋಡಿದ. ಕಲ್ಲಯ್ಯನಿಗೆ ಅಳು ಬರುವುದೊಂದೇ ಬಾಕಿ.

"ಎಮ್ಮಿ ವಾಪಸ್ ತರಾಕ ಹೋಗಿ ಎಲ್ಲಾರನೂ ಹೋದ ತಿಂಗಳಿಗೆ ಕಳಿಸಿಬಿಟ್ಟೇನ್ರಿ," ಎಂದ.

ಬಾಗಿಲ ಮರೆಯಲ್ಲಿದ್ದ ಸಂಗವ್ವ ಹೊರಗೆ ಬಂದಳು. "ಅಂದ್ರ ನಾನೂ ಹೋದ ತಿಂಗಳದಾಗ ಅದೇನಿ?"

ಹೌದೆಂದು ಅವನು ತಲೆಯಾಡಿಸಿದ.

"ಹೋದ ಸಲ ನಿಮ್ಮಪ್ಪ ನಮ್ಮಪ್ಪಗ ಕೇಳಿದ್ರು. ನಮ್ಮಪ್ಪ ಹೂಂ ಅಂದ. ನನಗ ಯಾರೂ ಕೇಳಲಿಲ್ಲ. ಈಗ ಕೇಳ್ರಿ."

ಅಪ್ಪ ಗೋಡೆ ಬಿಟ್ಟು ಮಗಳನ್ನು ನೋಡಿದ. ಕಲ್ಲಯ್ಯ ಅವಳ ಕಡೆ ತಿರುಗಿದ.

"ಸಂಗವ್ವಾ, ನನ್ನ ಲಗ್ನ ಆಗ್ತೀಯೇನು?"

ಅವಳು ನಿನ್ನೆ ಬಂದವರಲ್ಲಿ ಒಬ್ಬನ ಹತ್ತಿರ ಜೀಪಿದೆ, ಇನ್ನೊಬ್ಬ ಹೈಸ್ಕೂಲು ಮಾಸ್ತರ ಎಂದು ನಿಧಾನವಾಗಿ ಹೇಳಿ, ಅವನ ಮುಖ ಸುಣ್ಣವಾಗುವವರೆಗೂ ಕಾದು, ಆಮೇಲೆ "ಹೂಂ" ಅಂದಳು.

ಕಲ್ಲಯ್ಯ ಅಷ್ಟಕ್ಕೇ ಬಿಡಲಿಲ್ಲ. ಅವಳ ಅಪ್ಪನನ್ನು ಹತ್ತಿರ ಕರೆದು ನಿಲ್ಲಿಸಿಕೊಂಡು, ಒಂದು ನಕಲು ಅವನ ಹತ್ತಿರವೂ ಇರಲಿ ಎಂದು ಅವಳಿಂದ ಆ 'ಹೂಂ' ಅನ್ನು ಇನ್ನೊಮ್ಮೆ ಹೇಳಿಸಿದ.