ಎರಡು ಕಿಟಕಿಗಳ ನಡುವಿನ ಹಗ್ಗ

ಬೆಳಗ್ಗೆ ಎದ್ದು ನಿಮ್ಮ ಮನೆಯ ಕಿಟಕಿ ತೆರೆದರೆ ಎದುರಿಗೆ ಯಾರ ಮುಖ ಕಾಣುತ್ತದೆ? ಅದು ನಿಮಗೆ ಗೊತ್ತಿರುವ ಮುಖವಾದರೆ ನೀವು ಪುಣ್ಯವಂತರು. ಇಸ್ತ್ರಿಯಮ್ಮನಿಗೆ ಒಂದು ವರ್ಷದಿಂದ ಆ ಪುಣ್ಯ ಇರಲಿಲ್ಲ.

ಸರೋವರದ ದಂಡೆಯ ಊರು ಅವಳದು. ನೀರಿನ ಕಡೆಗೆ ಇಳಿಯುವ ಇಕ್ಕಟ್ಟು ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕೆಲಸ. ಅವಳ ಮಹಡಿಯ ಕಿಟಕಿಗೂ ಎದುರುಮನೆಯ ಮಹಡಿಯ ಕಿಟಕಿಗೂ ನಡುವೆ ಬೀದಿಯ ಮೇಲೆ ಒಂದು ಹಗ್ಗ ಹಾದುಹೋಗುತ್ತದೆ. ಬರೀ ಹಗ್ಗವಲ್ಲ. ಎರಡೂ ಗೋಡೆಗೆ ಹಳೆಯ ಸೈಕಲ್ಲಿನ ಒಂದೊಂದು ಚಕ್ರವನ್ನು ಟೈರು ಕಿತ್ತು ಬಿಗಿದಿದ್ದಾರೆ. ಹಗ್ಗ ಆ ಚಕ್ರಗಳನ್ನು ಸುತ್ತಿ ಬರುತ್ತದೆ. ಇಲ್ಲಿ ಎಳೆದರೆ ಬಟ್ಟೆ ಅಲ್ಲಿಗೆ, ಅಲ್ಲಿ ಎಳೆದರೆ ಇಲ್ಲಿಗೆ.

ಆ ಕಡೆಯ ಕಿಟಕಿಯಲ್ಲಿ ಎದುರುಮನೆ ಅಕ್ಕ ಇದ್ದಳು. ಹೊಲಿಗೆ ಕೆಲಸದವಳು. ಇವಳ ಒಗೆತ, ಅವಳ ಹೊಲಿಗೆ, ನಡುವೆ ಹಗ್ಗಕ್ಕೆ ತೂಗುಹಾಕಿದ ಒಂದು ಬುಟ್ಟಿ. ಆ ಬುಟ್ಟಿಯಲ್ಲಿ ಉಪ್ಪು ಹೋಗುತ್ತಿತ್ತು, ಸೂಜಿ ಬರುತ್ತಿತ್ತು. ಅರ್ಧ ನಿಂಬೆಹಣ್ಣು, ಜ್ವರದ ಮಾತ್ರೆ, ಕಿತ್ತುಹೋದ ಗುಂಡಿ. ಒಂದು ಸಲ ಬೆಕ್ಕಿನ ಮರಿಯನ್ನೂ ಕೂರಿಸಿ ಕಳಿಸಿದ್ದರು. ಅದು ನಡುಬೀದಿಯ ಮೇಲೆ ತೇಲುತ್ತಾ ಊರಿಗೆಲ್ಲ ಕೇಳುವಂತೆ ದೂರು ಹೇಳಿತ್ತು.

ಆಮೇಲೆ ಸರೋವರ ನೋಡಲು ಜನ ಬರತೊಡಗಿದರು. ಮೊದಲು ರಜೆಯಲ್ಲಿ, ಆಮೇಲೆ ವಾರದ ಕೊನೆಯಲ್ಲಿ, ಆಮೇಲೆ ದಿನವೂ. ಬೀದಿಯ ಮನೆಗಳು ಒಂದೊಂದಾಗಿ ಬಾಡಿಗೆ ರೂಮುಗಳಾದವು. ಬಾಗಿಲಿಗೊಂದು ಬೀಗದ ಡಬ್ಬಿ ಬಂತು. ನಂಬರು ಒತ್ತಿದರೆ ಬೀಗದ ಕೈ ಸಿಗುತ್ತದೆ, ಯಾರನ್ನೂ ಮಾತಾಡಿಸಬೇಕಿಲ್ಲ. ಅಕ್ಕ ಇದ್ದದ್ದು ಬಾಡಿಗೆಗೆ. ಮನೆಯೊಡೆಯ ಖಾಲಿ ಮಾಡಿ ಎಂದ. ಅಕ್ಕ ಹೊಲಿಗೆ ಮೆಷಿನ್ನು ಹೊರಿಸಿಕೊಂಡು ಆಚೆ ದಂಡೆಯ ಹೊಸ ಬಡಾವಣೆಗೆ ಹೋದಳು. "ಗಲಾಟೆ ಕಮ್ಮಿ ಆಗ್ಲಿ, ವಾಪಸ್ಸು ಬರ್ತೀನಿ ಬಿಡೇ" ಅಂದಳು. ಗಲಾಟೆ ಕಮ್ಮಿ ಆಗಲಿಲ್ಲ.

ಈಗ ಇಸ್ತ್ರಿಯಮ್ಮ ಅದೇ ಮನೆಯ ಮತ್ತು ಬೀದಿಯ ಉಳಿದ ರೂಮುಗಳ ಚಾದರಗಳನ್ನು ದಿನವೂ ಒಗೆದು ಅದೇ ಹಗ್ಗದ ಮೇಲೆ ಒಣಗಿಸುತ್ತಾಳೆ. ಹಗ್ಗ ಎಳೆಯುವಾಗ ಆ ಕಡೆಯ ಚಕ್ರ ಕಿರ್ ಎನ್ನುತ್ತದೆ. ಕಿಟಕಿ ಮಾತ್ರ ತೆರೆಯುವುದಿಲ್ಲ. ರೂಮಿನವರು ಎ.ಸಿ. ಹಾಕಿಕೊಂಡು ಮಲಗುತ್ತಾರೆ, ಎದ್ದು ಹೋಗುತ್ತಾರೆ.

ಅಕ್ಕನನ್ನು ನೋಡಿ ಬರಬಹುದಿತ್ತಲ್ಲ ಎನ್ನುತ್ತೀರಾ? ಸರೋವರದ ಸುತ್ತಲಿನ ರಸ್ತೆ ಕಾರುಗಳಿಂದ ತುಂಬಿ ಬಸ್ಸು ಅರ್ಧ ದಿನ ನುಂಗುತ್ತದೆ. ಮಧ್ಯಾಹ್ನಕ್ಕೆ ಹೊಸ ಗಿರಾಕಿ ಬರುವಷ್ಟರಲ್ಲಿ ಚಾದರ ಸಿದ್ಧವಿರಬೇಕು. ಫೋನು ಇದೆ, ನಿಜ. ಆದರೆ ಫೋನು ಮಾಡಬೇಕಾದರೆ ಹೇಳಲು ಏನಾದರೂ ವಿಷಯ ಬೇಕು. ಹಗ್ಗದ ಆಚೆ ಈಚೆ ಮಾತಾಡಲು ವಿಷಯವೇ ಬೇಕಿರಲಿಲ್ಲ.

ಹೀಗಿರುವಾಗ ಒಂದು ದಿನ ಅವಳ ಗಂಡ ಊಟಕ್ಕೆ ಕೂತವನು ಸುದ್ದಿ ತಂದ. ಅವನು ಪ್ರವಾಸಿಗಳನ್ನು ವ್ಯಾನಿನಲ್ಲಿ ಸುತ್ತಾಡಿಸುವ ಡ್ರೈವರು.

"ಏಜೆಂಟ್ ಸಿಕ್ಕಿದ್ದ ಕಣೇ. ನಮ್ಮ ಮನೇನೂ ಪೂರ್ತಿ ಕೊಟ್ಟುಬಿಡಿ, ರೂಮು ಮಾಡ್ತೀವಿ ಅಂತಾನೆ. ಭಾನುವಾರ ಬಂದು ಮಾತು ತಗೋತಾನಂತೆ. ನಾವು ಆಚೆ ದಂಡೆಗೆ ಹೋಗಿ ಆರಾಮಾಗಿ ಇರೋಣ."

ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರೇನೋ. ಇಸ್ತ್ರಿಯಮ್ಮನ ಮನಸ್ಸು ಮಾತ್ರ ಬೇರೆ ಕಡೆ ಓಡಿತು. ಆಚೆ ದಂಡೆ ಎಂದರೆ ಅಕ್ಕ ಇರುವ ಕಡೆ.

"ಅಕ್ಕನ ಮನೆ ಹತ್ರಾನೇ ಸಿಗುತ್ತಾ?" ಎಂದಳು.

"ಎದುರಿಗೇ ಹುಡುಕೋಣ. ಬೇಕಾದ್ರೆ ನಿನ್ನ ಹಗ್ಗಾನೂ ಬಿಚ್ಚಿಕೊಂಡು ಹೋಗೋಣ."

ಸರಿ ಎಂದು ಅವಳು ತಲೆಯಾಡಿಸಿಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಹಗ್ಗದ ಆ ತುದಿಯಲ್ಲಿ ಒಂದು ಕೈ, ಅಷ್ಟೆ.

ಮರುದಿನ ಬೆಳಗ್ಗೆ ಚಾದರ ಹಿಂಡುತ್ತಿದ್ದಾಗ ಎದುರುಮನೆ ಕಿಟಕಿಯ ಚಿಲಕ ಸರಿದ ಸದ್ದಾಯಿತು. ಎಷ್ಟು ವರ್ಷ ಕೇಳಿದ ಸದ್ದದು. ಇಸ್ತ್ರಿಯಮ್ಮ ತಲೆ ಎತ್ತಲೂ ಇಲ್ಲ. ಒಲೆಯ ಮೇಲಿದ್ದ ಚಹಾ ಲೋಟಕ್ಕೆ ಬಗ್ಗಿಸಿ, ಮುಚ್ಚಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬುಟ್ಟಿ ಕೊಡವಿ, ಲೋಟ ಇಟ್ಟು, ಹಗ್ಗಕ್ಕೆ ಸಿಕ್ಕಿಸಿ, "ಅಕ್ಕಾ, ಹಿಡಿ" ಎಂದು ಎಳೆದೇಬಿಟ್ಟಳು. ಬುಟ್ಟಿ ಬೀದಿಯ ನಡುವೆ ಹೋದ ಮೇಲೆ ನೆನಪಾಯಿತು. ಕೈ ನಿಂತಿತು.

ಆ ಕಡೆಯಿಂದ ಯಾರೋ ಮೆಲ್ಲಗೆ ಹಗ್ಗ ಎಳೆದುಕೊಂಡರು.

ನರೆತ ಕೂದಲಿನ, ಬಿಸಿಲಿಗೆ ಮೂಗು ಕೆಂಪಾದ ಹೆಂಗಸೊಬ್ಬಳು ಲೋಟ ಎತ್ತಿಕೊಂಡಳು. "ನಾನು ನಿಮ್ಮ ಅಕ್ಕ ಅಲ್ಲ. ಆದ್ರೆ ಚಹಾ ಬಿಡೋಕೆ ಮನಸ್ಸಿಲ್ಲ."

"ಕುಡೀರಿ ಮೇಡಂ. ಅಭ್ಯಾಸ ಬಲದಿಂದ ಕೈ ತಪ್ಪಿ ಬಂತು."

ಆ ಮೇಡಂ ಸೈಕಲ್ಲಿನಲ್ಲಿ ಊರಿಂದ ಊರಿಗೆ ಒಬ್ಬಳೇ ಸುತ್ತುವವಳು. ಸೈಕಲ್ಲಿನ ಹಿಂದೆ ಎರಡು ಚೀಲ, ಮುಂದೆ ಒಂದು ಗಂಟೆ, ಅಷ್ಟೇ ಸಂಸಾರ. ಉಳಿದವರು ಒಂದು ರಾತ್ರಿ ಇದ್ದು ಹೋದರೆ ಈಕೆ ಒಂದು ವಾರ ಇರಲು ಬಂದಿದ್ದಳು.

"ಚಾದರ ನಾಳೆ ಬದಲಾಯಿಸ್ತೀನಿ ಮೇಡಂ."

"ಯಾಕೆ? ನಾನೇ ತಾನೇ ಮಲಗೋದು. ಹೋಗೋ ದಿನ ಒಗೀರಿ ಸಾಕು."

ಇಸ್ತ್ರಿಯಮ್ಮ ಇದನ್ನು ಯೋಚಿಸಿಯೇ ಇರಲಿಲ್ಲ. ದಿನಕ್ಕೊಬ್ಬರು ಬಂದು ಹೋದರೆ ದಿನಕ್ಕೊಂದು ಚಾದರ, ದಿನಕ್ಕೊಂದು ತೊಟ್ಟಿ ನೀರು. ಒಬ್ಬರೇ ಒಂದು ವಾರ ಇದ್ದರೆ ಒಂದೇ ಒಗೆತ. ಊರಿನ ನಲ್ಲಿಗಳು ಮಧ್ಯಾಹ್ನಕ್ಕೇ ಒಣಗುವುದೇಕೆ ಎಂದು ಎಲ್ಲರೂ ಆಕಾಶ ನೋಡುತ್ತಿದ್ದರು. ನೀರು ಅವಳ ತೊಟ್ಟಿಯಿಂದಲೇ ಚರಂಡಿಗೆ ಹರಿಯುತ್ತಿತ್ತು.

ಮೂರನೆಯ ದಿನ ಸಂಜೆ ಡ್ರೈವರು ಮೆಟ್ಟಿಲ ಮೇಲೆ ಕೂತು ಈ ಸುದ್ದಿ ಕೇಳಿ ಮೂಗು ಮುರಿದ. "ಸೈಕಲ್ಲಲ್ಲಿ ಬರೋರು ಊರಿಗೆ ಏನು ತರ್ತಾರೆ? ಬೆವರು ತರ್ತಾರೆ."

ಅಷ್ಟರಲ್ಲಿ ಮೇಡಂ ಸೈಕಲ್ಲು ತಳ್ಳಿಕೊಂಡು ಅಲ್ಲಿಗೇ ಬಂದಳು. "ಬೆವರೂ ತರ್ತೀವಿ ಅಣ್ಣಾ. ಹಸಿವೂ ತರ್ತೀವಿ. ನಿಮ್ಮ ಬೀದಿ ಕೊನೇಲಿ ಅಜ್ಜಿ ಹಣ್ಣು ಮಾರ್ತಾರಲ್ಲ, ನನ್ನ ಕಂಡ್ರೆ ಈಗ ದೂರದಿಂದ್ಲೇ ಚೀಲ ತೆಗೀತಾರೆ. ಚಪ್ಪಲಿ ಹೊಲಿಸಿದೆ, ಕೂದಲು ಕತ್ತರಿಸಿಕೊಂಡೆ. ಕಾರಲ್ಲಿ ಬಂದು ಫೋಟೋ ತೆಗೆದು ಹೋಗೋರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?"

"ಹಾಗಂತ ಜನ ಬರೋದೇ ಬೇಡ್ವಾ? ಜನ ಬಂದ್ರೆ ತಾನೇ ನನ್ನ ವ್ಯಾನು ಓಡೋದು?"

"ಬರಬೇಡಿ ಅಂತ ನಾನು ಹೇಗೆ ಹೇಳ್ಲಿ? ನಾನೇ ಬಂದಿದೀನಲ್ಲ. ನಿಮ್ಮ ಮನೆಗೆ ನೆಂಟರು ಬಂದ್ರೆ ಸಂತೋಷ. ಅಷ್ಟೂ ನೆಂಟರು ಒಂದೇ ದಿನ, ಒಂದೇ ಹೊತ್ತಿಗೆ, ಒಬ್ಬೊಬ್ರು ಒಂದೊಂದು ಕಾರಲ್ಲಿ ಬಂದು ನಿಮ್ಮ ಅಡುಗೆಮನೇಲಿ ನಿಂತ್ರೆ?"

"ಮೊದಲು ಅತ್ತೇನ ವಾಪಸ್ಸು ಕಳಿಸ್ತೀನಿ."

"ಯಾರ ಅತ್ತೇನ, ನಿಮ್ಮತ್ತೇನೋ ನನ್ನತ್ತೇನೋ?" ಎಂದಳು ಇಸ್ತ್ರಿಯಮ್ಮ. ಮೂವರೂ ನಕ್ಕರು.

ನಗು ನಿಂತ ಮೇಲೆ ಮೇಡಂ ಎದುರಿನ ಕಿಟಕಿ ನೋಡಿದಳು. "ತಪ್ಪು ನನ್ನದೂ ಇದೆ. ನಿಮ್ಮಕ್ಕನ ಮನೇಲಿ ನಾನು ಮಲಗಿದೀನಿ. ರೂಮು ಹಿಡಿಯೋವಾಗ ಇಲ್ಲಿ ಮೊದಲು ಯಾರಿದ್ರು ಅಂತ ಕೇಳ್ಲಿಲ್ಲ. ಒಂದು ಊರಲ್ಲಿ ನೋಡಿದ್ದೆ, ಬೀದಿ ತುಂಬ ಬರೀ ರೂಮುಗಳೇ. ಮಳೆಗಾಲದಲ್ಲಿ ಪ್ರವಾಸಿಗಳು ಹೋದ್ರು, ಸಾಯಂಕಾಲ ಒಂದು ಮನೇಲೂ ದೀಪ ಹತ್ತಲಿಲ್ಲ. ದಾರಿ ಕೇಳೋಕೂ ಒಬ್ರಿರಲಿಲ್ಲ."

ಡ್ರೈವರು ಎದ್ದು ಒಳಗೆ ಹೋದ. ಇಸ್ತ್ರಿಯಮ್ಮ ಮೆಲ್ಲಗೆ ಹೇಳಿದಳು, "ನಾವೂ ಕೊಟ್ಟುಬಿಡ್ತಿದೀವಿ ಮೇಡಂ. ಅಕ್ಕನ ಹತ್ರ ಹೋಗ್ತೀವಿ."

"ಅಕ್ಕನಿಗೆ ಹೇಳಿದೀರಾ?"

ಹೇಳಿರಲಿಲ್ಲ. ಎದುರಿಗೆ ನಿಂತು ಹೇಳಿ ಅವಳ ಮುಖ ನೋಡಬೇಕೆಂಬ ಆಸೆ.

"ನಾಳೆ ನನ್ನ ಸೈಕಲ್ ತಗೊಂಡು ಹೋಗಿ. ನೀರಿನ ಪಕ್ಕ ಹಳೇ ಕಾಲುದಾರಿ ಇದೆಯಲ್ಲ, ಆಚೆ ದಂಡೆವರೆಗೂ ಹೋಗುತ್ತೆ. ನಾನು ಬಂದಿದ್ದೇ ಅದರಲ್ಲಿ."

ಆ ದಾರಿ ಅವಳಿಗೆ ಗೊತ್ತಿತ್ತು. ಲಂಗ ತೊಟ್ಟುಕೊಂಡು ಅದೇ ದಾರಿಯಲ್ಲಿ ಸೈಕಲ್ ಕಲಿತವಳು. ರಸ್ತೆ ಅಗಲವಾದ ಮೇಲೆ ಊರೇ ಅದನ್ನು ಮರೆತಿತ್ತು.

ಮರುದಿನ ಸೆರಗು ಸಿಕ್ಕಿಸಿಕೊಂಡು ಹೊರಟಳು. ಮೊದಲು ಸೈಕಲ್ಲು ಹಾವಿನಂತೆ ಓಲಾಡಿತು. ಆಮೇಲೆ ಕಾಲಿಗೆ ಹಳೆಯ ಗುರುತು ಹತ್ತಿತು. ಒಂದು ಕಡೆ ನೀರು, ಇನ್ನೊಂದು ಕಡೆ ಮೇಲಿನ ರಸ್ತೆಯಲ್ಲಿ ಅಲ್ಲಾಡದೆ ನಿಂತ ಕಾರುಗಳ ಸಾಲು. ಇಷ್ಟು ವರ್ಷ ಸರೋವರದ ಊರಿನಲ್ಲಿದ್ದು ಅವಳು ಸರೋವರವನ್ನೇ ನೋಡಿರಲಿಲ್ಲವೇನೋ ಅನ್ನಿಸಿತು. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಸೈಕಲ್ಲಿನಲ್ಲಿ ಅವಳ ಉಸಿರು ಏರುವಷ್ಟರಲ್ಲಿ ಮುಗಿದಿತ್ತು.

ಅಕ್ಕನ ಮನೆ ಒಂದು ಕಟ್ಟಡದ ಹಿಂಭಾಗದಲ್ಲಿತ್ತು. ಒಂದೇ ಕೋಣೆ. ಕಿಟಕಿಯ ಎದುರಿಗೆ ಬರೀ ಗೋಡೆ. ಹೊಲಿಗೆ ಮೆಷಿನ್ನಿನ ಮೇಲೆ ಬಾಡಿಗೆ ರೂಮುಗಳಿಗೆಂದು ಹೊಲಿಯುತ್ತಿದ್ದ ಪರದೆ ಬಟ್ಟೆ.

"ಅಯ್ಯೋ ನೀನಾ? ಮುಖ ಟೊಮೆಟೊ ಆಗಿದೆಯಲ್ಲೇ. ಓಡಿ ಬಂದ್ಯಾ?"

"ಸೈಕಲ್ಲಲ್ಲಿ ಬಂದೆ."

"ಈ ವಯಸ್ಸಲ್ಲಿ ಹಲ್ಲು ಮುರ್ಕೊಂಡ್ರೆ ಯಾರೇ ಕಟ್ಟಿಸಿಕೊಡ್ತಾರೆ?" ಎನ್ನುತ್ತಲೇ ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಇಸ್ತ್ರಿಯಮ್ಮ ಸುದ್ದಿ ಹೇಳಿದಳು. ಮನೆ ಕೊಟ್ಟುಬಿಡುವುದು, ಇಲ್ಲಿಗೇ ಬರುವುದು, ಎದುರುಬದುರು ಇರುವುದು. ಹೇಳುತ್ತಾ ಹೋದಂತೆ ಅಕ್ಕನ ಕೈ ಸಡಿಲವಾಯಿತು.

"ಬೇಡ ಕಣೇ."

"ನಾನು ಬರೋದು ನಿನಗೆ ಬೇಡ್ವಾ?"

"ದಿನಾ ಬಾ. ಸೈಕಲ್ಲಲ್ಲಿ ಬಾ, ನಡ್ಕೊಂಡು ಬಾ. ಮನೆ ಬಿಟ್ಟು ಬರಬೇಡ. ಇಲ್ಲಿ ಯಾರೂ ಯಾರಿಗೂ ಎದುರುಮನೆಯಲ್ಲ. ಈ ಗೋಡೆಗೆ ಎಲ್ಲಿ ಕಟ್ತೀಯ ಹಗ್ಗ?" ಅಕ್ಕ ಪರದೆ ಬಟ್ಟೆಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು. "ರಾತ್ರಿ ನಿದ್ದೆ ಬರದಿದ್ರೆ ನಾನು ನಮ್ಮ ಬೀದೀಲಿ ಮನಸ್ಸಲ್ಲೇ ನಡೀತೀನಿ. ಎಲ್ಲ ಮನೆ ಕತ್ತಲೆ. ನಿನ್ನ ಮನೇಲಿ ಮಾತ್ರ ದೀಪ ಇರುತ್ತೆ. ಅಲ್ಲಿಗೆ ಬಂದು ನಿಲ್ತೀನಿ. ನೀನೂ ಬಂದುಬಿಟ್ರೆ ನಾನು ಎಲ್ಲಿಗೆ ಅಂತ ಹೋಗ್ಲಿ ಹೇಳು?"

ಇಸ್ತ್ರಿಯಮ್ಮ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಆ ಪರದೆಯ ಅಂಚು ಹೊಲಿದು ಮುಗಿಸಿದರು.

ಅವಳು ಮನೆಗೆ ಬಂದು ಚಾದರಗಳಿಗೆ ಇಸ್ತ್ರಿ ಹಾಕಿ ಮುಗಿಸುವ ಹೊತ್ತಿಗೆ ಡ್ರೈವರು ಬಂದ. ಬಂದವನು ನೇರ ಅವಳ ಮುಖ ನೋಡಿದ.

"ನೀರಿನ ಪಕ್ಕ ಸೈಕಲ್ಲಲ್ಲಿ ಹೋಗಿದ್ದು ನೀನಾ?"

"ನೀವೆಲ್ಲಿ ನೋಡಿದ್ರಿ?"

"ಮೇಲಿನ ರಸ್ತೇಲಿ ವ್ಯಾನು ಸಿಕ್ಕಿಹಾಕ್ಕೊಂಡು ಕೂತಿದ್ದೆ. ಹಿಂದಿನ ಸೀಟಲ್ಲಿದ್ದೋರು, ಯಾರದು, ಹಾಯಾಗಿ ಹೋಗ್ತಿದಾರೆ ಅಂದ್ರು. ನಮ್ಮನೆಯವಳು ಅಂದೆ. ನಂಬಲಿಲ್ಲ. ನನಗೇ ನಂಬಿಕೆ ಬರಲಿಲ್ಲ." ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ನೀನು ಹೋಗಿ ವಾಪಸ್ಸು ಬಂದೆ. ನಾನಿನ್ನೂ ಅದೇ ಜಾಗದಲ್ಲಿದ್ದೆ. ಅವರು ಸರೋವರ ನೋಡದೇನೇ ಅರ್ಧ ದಾರೀಲಿ ಇಳಿದು ಹೋದ್ರು. ಜನ ಜಾಸ್ತಿ ಆದಷ್ಟೂ ನನ್ನ ಟ್ರಿಪ್ಪು ಕಮ್ಮಿ ಆಗ್ತಿದೆ ಕಣೇ. ಯಾರಿಗೂ ಹೇಳಿರಲಿಲ್ಲ."

ಅವಳು ಅಕ್ಕ ಹೇಳಿದ್ದನ್ನು ಹೇಳಿದಳು, ಒಂದು ಮಾತೂ ಬಿಡದೆ. ಅವನು ಎದುರಿನ ಕಿಟಕಿಯ ಕಡೆ ನೋಡಿದ.

"ಹಿಂದಿನ ಕೋಣೆ ಖಾಲಿ ಇದೆಯಲ್ಲ," ಎಂದ. "ಅದೊಂದನ್ನ ಕೊಡೋಣ. ನಾಲ್ಕಾರು ದಿನ ನಿಲ್ಲೋರಿಗೆ, ನಿನ್ನ ಸೈಕಲ್ಲಮ್ಮನಂಥೋರಿಗೆ. ಮನೇಲಿ ನಾವಿರ್ತೀವಿ. ಮತ್ತೆ ಕಾರುಗಳೆಲ್ಲ ಊರ ಹೊರಗಿನ ಮೈದಾನದಲ್ಲಿ ನಿಂತ್ರೆ ಅಲ್ಲಿಂದ ನಾವು ವ್ಯಾನಿನೋರೇ ಜನರನ್ನ ಕರ್ಕೊಂಡು ಬರಬಹುದು. ಸ್ಟ್ಯಾಂಡಲ್ಲಿ ಎಲ್ರ ಹತ್ರ ಮಾತಾಡ್ತೀನಿ, ಊರ ಸಭೇಲೂ ಕೇಳ್ತೀನಿ."

ಭಾನುವಾರ ಏಜೆಂಟ್ ಬಂದ. ಮನೆ ಕೊಡುವುದಿಲ್ಲ ಎಂಬ ಮಾತನ್ನು ಬಾಗಿಲಲ್ಲೇ ನಿಂತು ಕೇಳಿ, ಯೋಚನೆ ಮಾಡಿ ಎಂದು ಹೇಳಿ ಹೋದ. ಮೇಡಂ ಅದೇ ಬೆಳಗ್ಗೆ ಹೊರಟಿದ್ದಳು. ಹೋಗುವ ಮೊದಲು ಬುಟ್ಟಿಯಲ್ಲಿ ತೊಳೆದ ಲೋಟವನ್ನು ಕಳಿಸಿದ್ದಳು. ಮುಂದಿನ ಸಲ ಮನೆಮಂದಿ ಇರುವ ಮನೆಯಲ್ಲೇ ಇಳಿಯುತ್ತೇನೆ ಎಂದಿದ್ದಳು.

ಮಧ್ಯಾಹ್ನ ಅಕ್ಕ ನೀರಿನ ಪಕ್ಕದ ದಾರಿಯಲ್ಲಿ ನಡೆದು ಬಂದಳು. ಮಹಡಿ ಹತ್ತಿ ಇಸ್ತ್ರಿಯಮ್ಮನ ಕಿಟಕಿಯಲ್ಲಿ ನಿಂತಳು. ಅಷ್ಟು ವರ್ಷ ಎದುರಿಗಿದ್ದರೂ ತನ್ನ ಕಿಟಕಿಯನ್ನು ಈ ಕಡೆ ನಿಂತು ಸಮಾಧಾನವಾಗಿ ನೋಡಿದ್ದು ಅದೇ ಮೊದಲು. ಅದು ಮುಚ್ಚಿತ್ತು.

"ಇಲ್ಲಿಂದ ಹೀಗೆ ಕಾಣ್ತಿತ್ತಾ ನನ್ನ ಮನೆ?" ಎಂದಳು.

ಹಗ್ಗ ಹಿಡಿದು ಮೆಲ್ಲಗೆ ಎಳೆದಳು. ಆ ಕಡೆಯ ಚಕ್ರ ಕಿರ್ ಎಂದಿತು. ಖಾಲಿ ಬುಟ್ಟಿ ಬೀದಿ ದಾಟಿ ಹೋಗಿ, ಮುಚ್ಚಿದ ಕಿಟಕಿಯ ಮುಂದೆ ಸ್ವಲ್ಪ ತೂಗಾಡಿ ನಿಂತಿತು.

ಅದು ಅಲ್ಲೇ ಇರಲಿ. ನಾವು ನಿಮ್ಮ ಕಡೆ ತಿರುಗೋಣ.

ನೀವು ಊರು ನೋಡಲು ಹೊರಡುವವರಾದರೆ ಖಂಡಿತ ಹೊರಡಿ. ಎಲ್ಲರೂ ಹೋಗುವ ದಿನ ಬಿಟ್ಟು ಇನ್ನೊಂದು ದಿನ ಹೋಗಿ. ಆದಷ್ಟೂ ಸೈಕಲ್ಲಿನಲ್ಲಿ, ಇಲ್ಲವೇ ಬಸ್ಸಿನಲ್ಲಿ ಹೋಗಿ, ಕಾರು ತಂದರೆ ಊರ ಹೊರಗೇ ಬಿಡಿ. ಹತ್ತು ಊರಿಗೆ ಒಂದೊಂದು ರಾತ್ರಿ ಕೊಡುವ ಬದಲು ಒಂದು ಊರಿಗೆ ಒಂದು ವಾರ ಕೊಡಿ. ಚಾದರ ದಿನವೂ ಬದಲಾಯಿಸಬೇಡಿ ಎನ್ನಿ. ಕೋಣೆ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಿ: ಈ ಮನೆಯಲ್ಲಿ ಮನೆಯವರು ಇದ್ದಾರೆಯೇ?

ನೀವು ಅಂಥ ಊರಿನವರಾದರೆ ಒಂದು ಕೋಣೆ ಕೊಡಿ, ಮನೆ ಕೊಡಬೇಡಿ. ಮರೆತುಹೋದ ಕಾಲುದಾರಿಯ ಮುಳ್ಳು ಸವರಿ ಸೈಕಲ್ಲಿಗೆ ಬಿಡಿ. ಕಾರು ಎಲ್ಲಿ ನಿಲ್ಲಬೇಕು, ಎಷ್ಟು ಮನೆ ರೂಮಾಗಬಹುದು ಎಂದು ಊರ ಸಭೆಯಲ್ಲಿ ಎದ್ದು ನಿಂತು ಕೇಳಿ.

ಈಗ ಹೋಗಿ ನಿಮ್ಮ ಕಿಟಕಿ ತೆರೆಯಿರಿ. ಎದುರಿಗೆ ಯಾರಾದರೂ ಕಂಡರೆ ಅವರನ್ನು ಮಾತಾಡಿಸಿ. ವಿಷಯ ಏನೂ ಬೇಕಿಲ್ಲ.