ಬುವಾಲೈ ಹಾಕದ ಸಾಕ್ಷಿ ಸಹಿ

ಬ್ಯಾಂಕಾಕಿನಿಂದ ಈಶಾನ್ಯಕ್ಕೆ, ಈಸಾನ ಸೀಮೆಯ ನೋಂಗ್‌ಫೈ ಊರಿನಲ್ಲಿ ಮದುವೆ ಎಂದರೆ ನೂಲು. ಹಿರಿಯರು ಬಂದು ಕೂತು, ಮಂತ್ರ ಹೇಳಿ, ಜೋಡಿಯ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ, “ಚೆನ್ನಾಗಿ ಬಾಳಿ” ಅಂದರೆ ಮುಗಿಯಿತು. ಆಮೇಲೆ ಹಂದಿ ಮಾಂಸದ ಊಟ, ಅಕ್ಕಿ ಸಾರಾಯಿ, ಕುಣಿತ. ತಾಲ್ಲೂಕು ಕಚೇರಿಗೆ ಹೋಗಿ ಮದುವೆ ಬರೆಸಿದವರು ಊರೆಲ್ಲ ಹುಡುಕಿದರೂ ನಾಲ್ಕು ಮಂದಿ ಸಿಗುವುದಿಲ್ಲ. ಕಚೇರಿಯೇನು ಏಳು ಸಮುದ್ರದಾಚೆ ಇಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೂ ಹೋಗುವುದಿಲ್ಲ. ಯಾಕೆ ಎಂದು ಕೇಳಿದರೆ, “ನಮ್ಮಪ್ಪ ಅಮ್ಮ ಹೋಗಿದ್ರಾ?” ಎನ್ನುತ್ತಾರೆ.

ಬುವಾಲೈ ಕೂಡ ಹಾಗೇ ಅನ್ನುತ್ತಿದ್ದಳು. ಈಗ ಯಾರಾದರೂ ಅವಳೆದುರು ಹಾಗೆ ಅಂದರೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಾಳೆ.

ಬುವಾಲೈಗೆ ಒಬ್ಬಳೇ ಮಗಳು, ಪಿಕುನ್. ದುಡಿಯಲು ಬ್ಯಾಂಕಾಕಿಗೆ ಹೋದವಳು ಒಂದು ದಿನ ಜೊತೆಗೊಬ್ಬಳನ್ನು ಕರೆದುಕೊಂಡು ಬಂದಳು. ಹೆಸರು ಜರಿಯಾ. “ಅವ್ವ, ನಾವಿಬ್ರೂ ಒಟ್ಟಿಗೆ ಬಾಳ್ತೀವಿ” ಅಂದಳು ಪಿಕುನ್. ಬುವಾಲೈ ಜರಿಯಾಳನ್ನು ಮೇಲಿಂದ ಕೆಳಗೆ ನೋಡಿದಳು.

“ಹೆಣ್ಣನ್ನ ಕರ್ಕೊಂಡು ಬಂದಿದೀಯ, ಅದು ನಿನ್ನಿಷ್ಟ. ಆದ್ರೆ ದಕ್ಷಿಣದೋಳೇ ಬೇಕಾಗಿತ್ತಾ? ನಮ್ಮ ಈಸಾನದಲ್ಲಿ ಯಾರೂ ಸಿಗ್ಲಿಲ್ವಾ ನಿಂಗೆ?”

ಅವಳ ಸಿಟ್ಟಿಗೂ ಕಾರಣವಿತ್ತು. ರಾಜಕೀಯದಲ್ಲಿ ಈಸಾನದವರು ಕೆಂಪು ಅಂಗಿಯ ಬಣ, ದಕ್ಷಿಣದವರು ಹಳದಿ ಅಂಗಿಯ ಬಣ. ಹಿಂದೆ ಬುವಾಲೈ ಕೆಂಪು ಅಂಗಿ ತೊಟ್ಟು ಬ್ಯಾಂಕಾಕಿನ ರಸ್ತೆಯಲ್ಲಿ ಬಿಸಿಲಿಗೆ ಧರಣಿ ಕೂತಿದ್ದಳು. ಆಗ ಹಳದಿಯವರು ಇವರನ್ನು “ಕೆಂಪು ಎಮ್ಮೆಗಳು” ಎಂದು ಆಡಿಕೊಂಡಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಜರಿಯಾ ಮಾತಿನಲ್ಲಿ ಸೋಲುವವಳಲ್ಲ. “ಅವ್ವ, ನಾನು ಹಳದಿಯೋಳಲ್ಲ. ನನ್ನ ಮೀನು ಸಾರು ಮಾತ್ರ ಹಳದಿ. ಒಂದ್ಸಲ ಉಂಡು ನೋಡಿ ಆಮೇಲೆ ಬೈರಿ” ಅಂದಳು. ಬುವಾಲೈ ಉಂಡಳು. ಖಾರಕ್ಕೆ ಕಣ್ಣು ಮೂಗಲ್ಲೆಲ್ಲ ನೀರು ಸುರಿಯಿತು. ಮತ್ತೆ ಬಡಿಸಿಕೊಂಡು ಉಂಡಳು. ಆ ವರ್ಷವೇ ಇಬ್ಬರ ಕೈಗೂ ನೂಲು ಕಟ್ಟಿಸಿದಳು. ಆಮೇಲೆ ಹತ್ತು ವರ್ಷ ಜರಿಯಾ ಆ ಮನೆಯ ಮಗಳಾಗಿಯೇ ಇದ್ದಳು. ಮೂರು ಗಾಲಿಯ ಗಾಡಿಯಲ್ಲಿ ಸುಟ್ಟ ಮೀನು, ಅಂಟಕ್ಕಿ ಅನ್ನ ಹೇರಿಕೊಂಡು ಸಂತೆಗೆ ಹೋಗುತ್ತಿದ್ದಳು. ಬುವಾಲೈಗೆ ಮಂಡಿ ನೋವು ಬಂದರೆ ಎಣ್ಣೆ ಹಚ್ಚುತ್ತಿದ್ದವಳು ಜರಿಯಾ, ಪಿಕುನ್ ಅಲ್ಲ.

ಹೀಗಿರುವಾಗ ಹೊಸ ಕಾನೂನು ಬಂತು. ಗಂಡೂ ಗಂಡೂ ಆಗಲಿ, ಹೆಣ್ಣೂ ಹೆಣ್ಣೂ ಆಗಲಿ, ವಯಸ್ಸಿಗೆ ಬಂದ ಇಬ್ಬರು ಇಷ್ಟಪಟ್ಟರೆ ಮದುವೆ ಬರೆಸಬಹುದು. ಸಂತೆಯಲ್ಲಿ ಇದನ್ನು ಕೇಳಿದ ಜರಿಯಾ ನೆಟ್ಟಗೆ ಊರ ಮುಖ್ಯಸ್ಥ ಖಂಪನ್ನನ ಮನೆಗೆ ಬಂದಳು. ಊರವರೆಲ್ಲ ಅವನನ್ನು ಪೋಯೈ ಎಂದೇ ಕರೆಯುವುದು. ಬುವಾಲೈ ಕೂಡ ಅಲ್ಲೇ ಜಗಲಿಯ ಮೇಲೆ ಕೂತು ಅಡಿಕೆ ಜಗಿಯುತ್ತಿದ್ದಳು.

“ಪೋಯೈ, ಸಾಕ್ಷಿಗೆ ಇಬ್ಬರು ಬೇಕಂತೆ. ಅವ್ವ ಒಬ್ಬಳು, ನೀವೊಬ್ರು. ಬುಧವಾರ ಹೋಗಿ ಬರೋಣ” ಅಂದಳು.

ಖಂಪನ್ ನಕ್ಕ. “ಯಾವ ಕಾನೂನಮ್ಮ ಅದು? ಬ್ಯಾಂಕಾಕಿನ ಕಿತ್ತಳೆ ಪಕ್ಷದ ಹುಡುಗರು ಕಾಮನಬಿಲ್ಲಿನ ಬಾವುಟ ಹಿಡ್ಕೊಂಡು ಕುಣಿದ್ರಲ್ಲ, ಆ ಕಾನೂನಾ? ಅದು ಅವರಿಗೆ. ನಮ್ಮ ಕಡೆ ಅದನ್ನ ಯಾರು ಕೇಳ್ತಾರೆ?”

“ಕಾನೂನಿಗೆ ನಮ್ಮ ಕಡೆ ನಿಮ್ಮ ಕಡೆ ಅಂತ ಇರುತ್ತಾ ಪೋಯೈ? ಸಂಸತ್ತಲ್ಲಿ ಕೆಂಪಿನೋರೂ ಕೈ ಎತ್ತಿದಾರೆ, ಕಿತ್ತಳೆಯೋರೂ ಎತ್ತಿದಾರೆ, ನಮ್ಮ ದಕ್ಷಿಣದೋರೂ ಎಷ್ಟೋ ಜನ ಎತ್ತಿದಾರೆ.”

“ನೂಲು ಕಟ್ಟಾಗಿದೆಯಲ್ಲ, ಇನ್ನೇನು?” ಬುವಾಲೈ ಬಾಯಿ ಹಾಕಿದಳು. “ನಾನೂ ಪಿಕುನ್ ಅಪ್ಪನೂ ಕಚೇರಿ ಮೆಟ್ಟಿಲು ಹತ್ತಿದೋರಲ್ಲ. ಬಾಳ್ಲಿಲ್ವಾ ನಾವು?”

“ನೂಲು ಊರಿಗೆ ಕಾಣುತ್ತೆ ಅವ್ವ, ಕಚೇರಿಗೆ ಕಾಣಲ್ಲ. ನಾಳೆ ನಾನು ಸತ್ರೆ ನನ್ನ ಹೆಣ ಯಾರಿಗೆ ಸೇರುತ್ತೆ ಹೇಳಿ?”

“ಥೂ! ಬಿಡ್ತು ಅನ್ನು! ಎಂಥಾ ಮಾತಾಡ್ತೀಯೇ!”

“ನನ್ನನ್ನ ಈ ಊರಲ್ಲೇ ಸುಡಬೇಕು. ನನ್ನ ಮೂಳೆ ಈ ಊರ ವಿಹಾರದ ಗೋಡೇಲಿ, ನಿಮ್ಮ ಹಿರಿಯರ ಮೂಳೆ ಪಕ್ಕದಲ್ಲೇ ಇರಬೇಕು. ಅಷ್ಟೇ ನಾನು ಕೇಳ್ತಿರೋದು.”

“ಇರುತ್ತೆ, ಎಲ್ಲಿಗೂ ಹೋಗಲ್ಲ. ನೀರಿನ ಹಬ್ಬ ಕಳೀಲಿ, ಹೋಗೋಣ.”

ನೀರಿನ ಹಬ್ಬ ಕಳೆಯಿತು. ನಾಟಿ ಮುಗೀಲಿ ಅಂದಳು ಬುವಾಲೈ. ನಾಟಿ ಮುಗಿಯಿತು. ಭಿಕ್ಷುಗಳ ಮಳೆಗಾಲದ ವ್ರತ ನಡೀತಿದೆ, ಈಗ ಮದುವೆ ಸುದ್ದಿ ಎತ್ತಬಾರದು ಅಂದಳು. “ಬರೆಸೋದಕ್ಕೂ ವ್ರತಕ್ಕೂ ಏನವ್ವ ಸಂಬಂಧ?” ಎಂದು ಜರಿಯಾ ಕೇಳಿದರೆ, “ನೀನು ದಕ್ಷಿಣದೋಳು, ನಿಂಗೇನು ಗೊತ್ತು ನಮ್ಮ ಪದ್ಧತಿ” ಎಂದು ಬಾಯಿ ಮುಚ್ಚಿಸಿದಳು. ವ್ರತ ಮುಗಿಯಿತು, ಭತ್ತದ ಕೊಯ್ಲು ಬಂತು. ಕೊಯ್ಲಿನ ಹಿಂದೆಯೇ ಕಬ್ಬಿನ ಲಾರಿಗಳು ಬಂದವು.

ಅಂಥದೊಂದು ಲಾರಿ ಸಂತೆಯ ತಿರುವಿನಲ್ಲಿ ಜರಿಯಾಳ ಗಾಡಿಗೆ ಗುದ್ದಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಪಿಕುನ್ ಮತ್ತು ಬುವಾಲೈ ಶವಾಗಾರದ ಕಿಟಕಿಯ ಮುಂದೆ ನಿಂತರು. ಒಳಗಿದ್ದ ಹೆಂಗಸು ತಲೆ ಎತ್ತಿ ಕೇಳಿದಳು: “ತೀರಿಕೊಂಡವರಿಗೆ ನೀವೇನಾಗಬೇಕು?”

“ಹೆಂಡತಿ” ಅಂದಳು ಪಿಕುನ್.

“ಮದುವೆ ನೋಂದಣಿ ಆಗಿದೆಯಾ?”

ಪಿಕುನ್ ತಿರುಗಿ ತಾಯಿಯ ಮುಖ ನೋಡಿದಳು. ಆ ನೋಟ ನೆನೆದರೆ ಬುವಾಲೈ ಇವತ್ತಿಗೂ ಉಣ್ಣುವ ತಟ್ಟೆ ಸರಿಸಿ ಏಳುತ್ತಾಳೆ.

ಆಸ್ಪತ್ರೆಯವರು ದಕ್ಷಿಣಕ್ಕೆ ಫೋನ್ ಮಾಡಿದರು. ಮರುದಿನ ಸಂಜೆ ಜರಿಯಾಳ ಅಣ್ಣ ಪ್ರದಿತ್ ವ್ಯಾನು ತಂದ. ತಂಗಿ ಹೆಣ್ಣೊಬ್ಬಳ ಜೊತೆ ಬಾಳುತ್ತಾಳೆ, ಅದೂ ಈಸಾನದಲ್ಲಿ, ಎಂದು ಮಾತು ಬಿಟ್ಟವನು ಅವನು. ಬುವಾಲೈ ಅವನ ದಾರಿಗೆ ಅಡ್ಡ ನಿಂತಳು.

“ಎಲ್ಲಿಗೆ ತಗೊಂಡು ಹೋಗ್ತೀಯಪ್ಪ?”

“ನಮ್ಮೂರಿಗೆ. ನನ್ನ ತಂಗಿ ಅವಳು.”

“ಹತ್ತು ವರ್ಷ ಎಲ್ಲಿ ಸತ್ತಿತ್ತು ನಿನ್ನ ತಂಗಿ ಮೇಲಿನ ಪ್ರೀತಿ? ಒಂದು ಫೋನ್ ಮಾಡಿದ್ಯಾ? ಜ್ವರ ಬಂದಾಗ ಗಂಜಿ ಕುಡಿಸಿದೋಳು ಇವಳು. ಇವಳು ಅವಳ ಹೆಂಡ್ತಿ!”

ಪ್ರದಿತ್ ದನಿ ಏರಿಸಲಿಲ್ಲ. “ನೋಡಿ ಅಮ್ಮ, ಆ ಕಾನೂನು ನಿಮ್ಮ ಕೆಂಪು ಸರ್ಕಾರ ತಂದಿದ್ದು. ಅದು ನಿಮಗೆ. ನಮ್ಮ ಕಡೆ ಅದನ್ನ ಯಾರೂ ಕೇಳಲ್ಲ.”

ಬುವಾಲೈ ಗುರುತು ಹಿಡಿದಳು, ಖಂಪನ್ ಜಗಲಿಯ ಮೇಲೆ ಕೂತು ಆಡಿದ್ದ ಮಾತೇ ಇದು. ಮಾತು ಅದೇ, ಬಣ್ಣ ಮಾತ್ರ ಬೇರೆ. ಇವರು ಅವರದ್ದು ಅಂತಾರೆ, ಅವರು ಇವರದ್ದು ಅಂತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಲ್ಲಿ ಕೂಸಿನ ಹೆಣ ವ್ಯಾನಿನ ದಾರಿ ಕಾಯುತ್ತಿತ್ತು.

ಕಿಟಕಿಯ ಹೆಂಗಸು ಎದ್ದು ಹೊರಗೆ ಬಂದಳು. “ಅಣ್ಣ, ಕಾನೂನಿಗೆ ಬಣ್ಣ ಇಲ್ಲ. ಉತ್ತರದ ಬೆಟ್ಟದಿಂದ ನಿಮ್ಮ ಸಮುದ್ರದ ದಡದವರೆಗೂ ಒಂದೇ. ಇವರು ಬರೆಸಿದ್ದಿದ್ರೆ ನಿಮ್ಮನ್ನ ಆಚೆ ಕೂರಿಸಿ ಇವರ ಹತ್ರ ಸಹಿ ತಗೋತಿದ್ದೆ” ಅಂದಳು. ಆಮೇಲೆ ಪಿಕುನ್ ಕಡೆ ತಿರುಗಿದಳು. “ಬರೆಸಿಲ್ವಲ್ಲ ತಂಗಿ. ಯಾಕೆ ಬರೆಸ್ಲಿಲ್ಲ?”

ಯಾಕೆ ಬರೆಸಲಿಲ್ಲ! ನೀರಿನ ಹಬ್ಬ ಇತ್ತು. ನಾಟಿ ಇತ್ತು. ವ್ರತ ಇತ್ತು. ಮುದುಕಿಯೊಬ್ಬಳ ಹಳೇ ಹಗೆ ಇತ್ತು. ಪಿಕುನ್ ಪ್ರದಿತ್‌ಗೆ ಕೈಮುಗಿದಳು.

“ಸುಟ್ಟಾದ ಮೇಲೆ ಒಂದು ಚೂರು ಮೂಳೆ ಕೊಡಿ ಅಣ್ಣ. ಅವಳ ಆಸೆ ಅದು.”

“ಅಮ್ಮನ್ನ ಕೇಳಿ ಹೇಳ್ತೀನಿ. ಗೆಳತಿ ಅಂತ ಬಂದು ಅಂತ್ಯಕ್ರಿಯೆಯಲ್ಲಿ ಕೂತ್ಕೊಂಡು ಹೋಗೋದಾದ್ರೆ ಬನ್ನಿ” ಅಂದ ಪ್ರದಿತ್. ಗೆಳತಿಯಂತೆ! ವ್ಯಾನಿನ ಬಾಗಿಲು ಮುಚ್ಚಿತು.

ಪಿಕುನ್ ಗೆಳತಿಯಾಗಿಯೇ ಹೋದಳು. ನೆಂಟರಿಗೆಲ್ಲ ಮುಂದೆ ಜಾಗ, ಇವಳಿಗೆ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿ. ಮೂಳೆ ಕೊಡಲಿಲ್ಲ. ಬರಿಗೈಯಲ್ಲಿ ಬಸ್ಸಿಳಿದ ಮಗಳನ್ನು ನೋಡಿ ಬುವಾಲೈಗೆ ಅಳು ಬರಲಿಲ್ಲ. ಪಿತ್ತ ನೆತ್ತಿಗೇರಿತು.

ಮಾರನೆಯ ಬೆಳಿಗ್ಗೆ ಖಂಪನ್ ಎಂದಿನಂತೆ ಮನೆಯಲ್ಲಿ ಕೂತು ಊರಿನ ಧ್ವನಿವರ್ಧಕದಲ್ಲಿ, “ಹಂಡೆಯ ನೀರು ಚೆಲ್ಲಿ, ಸೊಳ್ಳೆ ಮರಿ ಮಾಡುತ್ತೆ” ಎಂದು ಹೇಳುತ್ತಿದ್ದ. ಬುವಾಲೈ ಒಳನುಗ್ಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

“ಸೊಳ್ಳೆ ಆಮೇಲೆ. ಎಲ್ರೂ ಕೇಳಿಸ್ಕೊಳಿ, ನಾನು ಬುವಾಲೈ. ಈ ಪೋಯೈ ಇದಾನಲ್ಲ, ಇವನೂ ನಾನೂ ಸೇರಿ ಜರಿಯಾ ಹೆಣಾನ ದಕ್ಷಿಣಕ್ಕೆ ಕಳಿಸಿದ್ವಿ. ಹೌದು, ಲಾರಿ ಕೊಂದಿದ್ದು. ಕಳಿಸಿದ್ದು ನಾವು! ಆ ಹುಡುಗಿ ಒಂದು ಸಹಿ ಕೇಳ್ತು. ಒಂದೇ ಒಂದು ಸಹಿ. ಇವನು ಬ್ಯಾಂಕಾಕಿನೋರ ಕಾನೂನು ಅಂದ. ಅವಳಣ್ಣ ಈಸಾನದೋರ ಕಾನೂನು ಅಂದ. ಲೋ ಗೂಬೆಗಳಾ, ಅದು ದೇಶದ ಕಾನೂನು! ಕೆಂಪು ಅಂಗಿ ಹಾಕೊಂಡು ಬಿಸಿಲಲ್ಲಿ ನಾನು ಕೂತಿದ್ದು ಯಾಕೆ? ಕಾನೂನು ಎಲ್ರಿಗೂ ಒಂದೇ ಇರ್ಲಿ ಅಂತ. ಒಂದೇ ಆಗಿ ಬಂದಾಗ ನಾನೇ ಬಾಗಿಲು ಹಾಕ್ದೆ. ನಂಗೆ ನಾಚಿಕೆ ಆಗ್ಬೇಕು! ನಿಮಗೂ ಆಗ್ಬೇಕು!”

“ಬುವಾಲೈ, ಸಮಾಧಾನ…” ಎಂದು ಖಂಪನ್ ಮೈಕಿಗೆ ಕೈ ಚಾಚಿದ.

“ಸಮಾಧಾನ ನಿನ್ನ ತಲೆ!”

ಅಷ್ಟರಲ್ಲಿ ಖಂಪನ್ನನ ಹೆಂಡತಿ ಲಮ್ಯಾಯ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. “ಏನ್ರೀ, ನಮ್ಮ ಮದುವೆ ಬರೆಸಿದೀರಾ?”

ಖಂಪನ್ ಮೈಕಿಗೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

“ಬರೆಸಿದೀರೋ ಇಲ್ವೋ?”

“ಅದು… ನೂಲು ಕಟ್ಟಿದಾರಲ್ಲ…”

“ಇಷ್ಟು ವರ್ಷ ನಿಮ್ಮ ಬಟ್ಟೆ ಒಗೆದಿದೀನಿ, ನಿಮ್ಮಮ್ಮನ ಬೈಗುಳ ತಿಂದಿದೀನಿ. ನೀವು ಸತ್ರೆ ನಾನೂ ಗೆಳತಿನಾ ಹಾಗಾದ್ರೆ?”

ಮೈಕು ತೆರೆದೇ ಇತ್ತು. ಊರಿಗೆ ಊರೇ ಕೇಳಿಸಿಕೊಂಡಿತು. ಎಲ್ಲೋ ಯಾರೋ ಕೂಗಿ ನಕ್ಕರು. ಖಂಪನ್ ನಗಲಿಲ್ಲ. ತಲೆ ಕೆರೆದುಕೊಂಡ, ನೆಲ ನೋಡಿದ, ಆಮೇಲೆ ಮೊಳೆಗೆ ನೇತುಹಾಕಿದ್ದ ಪಿಕಪ್ಪಿನ ಕೀಲಿ ತೆಗೆದುಕೊಂಡ. “ಗುರುತಿನ ಚೀಟಿ ತಗೊಂಡು ಬಾ” ಅಂದ ಹೆಂಡತಿಗೆ. ಬುವಾಲೈ ಕಡೆ ತಿರುಗಿ ಸಣ್ಣ ದನಿಯಲ್ಲಿ, “ತಪ್ಪಾಯ್ತು” ಅಂದ.

“ನಂಗೆ ಹೇಳಿ ಏನು ಪ್ರಯೋಜನ? ಗಾಡಿ ತೆಗಿ” ಅಂದಳು ಬುವಾಲೈ.

ಪಿಕಪ್ಪಿನ ಹಿಂದೆ ಕ್ಷೌರದಂಗಡಿಯ ಇಬ್ಬರು ಗಂಡಸರು ಹತ್ತಿದರು. ಅವರೂ ನೂಲು ಕಟ್ಟಿಸಿಕೊಂಡು ಏಳು ವರ್ಷವಾಗಿತ್ತು. ಕಚೇರಿಯಲ್ಲಿ ಒಂದು ಕಾಸೂ ಕೇಳಲಿಲ್ಲ. ಗುರುತಿನ ಚೀಟಿ ನೋಡಿದರು, ಇಬ್ಬರು ಸಾಕ್ಷಿಗಳ ಸಹಿ ತೆಗೆದುಕೊಂಡರು. ಎರಡೂ ಜೋಡಿಗೆ ಬುವಾಲೈ ಸಾಕ್ಷಿ ಹಾಕಿದಳು. ಅಕ್ಷರ ಸೊಟ್ಟಗಿತ್ತು. ಅಷ್ಟೇ ಕೆಲಸ. ಇಷ್ಟಕ್ಕೆ ಒಂದು ವರ್ಷ ಸಾಲಲಿಲ್ಲ ಅವಳಿಗೆ. ಪಿಕುನ್ ಬರಲಿಲ್ಲ. ಬಂದು ಯಾರ ಜೊತೆ ನಿಲ್ಲಬೇಕು?

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೈಯಲ್ಲೂ ನೂಲು ಮಾತ್ರ ಇದ್ದರೆ ಈ ವಾರವೇ ಹೊರಡಿ. ದೇಶದ ಯಾವ ತಾಲ್ಲೂಕು ಕಚೇರಿಯಾದರೂ ಆದೀತು, ನಿಮ್ಮೂರಿನದೇ ಆಗಬೇಕಿಲ್ಲ. ಬರೆಸಿದರೆ ಆಸ್ಪತ್ರೆಯಲ್ಲಿ ನಿಮ್ಮ ಮಾತು ನಡೆಯುತ್ತದೆ, ಕೂಡಿ ಕಟ್ಟಿದ ಮನೆಯಲ್ಲಿ ನಿಮಗೆ ಹಕ್ಕಿರುತ್ತದೆ, ಕೊನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ನೀವೇ. ಆ ಪಕ್ಷದ ಕಾನೂನು, ಈ ಕಡೆಯವರ ಕಾನೂನು ಎನ್ನುವವರು ನಿಮ್ಮ ಹೆಣ ಹೊರಲು ಬರುವುದಿಲ್ಲ. ಮನೆಯ ಹಿರಿಯರೇ, ಮಕ್ಕಳು ಸಾಕ್ಷಿಗೆ ಕರೆದರೆ ಹಬ್ಬ, ನಾಟಿ ಎನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಸಾಕ್ಷಿಗೆ ಯಾರೂ ಸಿಗುತ್ತಿಲ್ಲವೇ? ನೋಂಗ್‌ಫೈಯ ಬುವಾಲೈಗೆ ಹೇಳಿ ಕಳಿಸಿ. ಮಂಡಿ ನೋವಿದ್ದರೂ ಬರುತ್ತಾಳೆ. ಇಷ್ಟು ದಿನ ಏನು ಮಾಡ್ತಿದ್ರಿ ಎಂದು ನಿಮ್ಮನ್ನು ಬೈಯುತ್ತಾಳೆ. ಬೈಸಿಕೊಳ್ಳಿ, ಬರೆಸಿಕೊಳ್ಳಿ.